ಚೊಂಬಿನ ನೀರು ಅಲುಗಬಾರದು

ಅವರ ಎಡಗಿವಿಯ ಮಡಿಕೆಯಲ್ಲಿ ಯಾವಾಗಲೂ ಅತ್ತರಿನಲ್ಲಿ ಅದ್ದಿದ ಹತ್ತಿಯ ಉಂಡೆಯೊಂದು ಇರುತ್ತಿತ್ತು. ಕಡಲೆಕಾಳಿನಷ್ಟು ದಪ್ಪ, ಹಳದಿಗೆ ತಿರುಗಿದ ಹತ್ತಿ. ಆ ಕಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಅರ್ಧ ಮಾತ್ರ. "ಕೇಳೂ ಕೆಲಸ ಅಂತೂ ಬಿಟ್ಟೈತಿ, ಘಮಾ ಅನ್ನೂ ಕೆಲಸನಾರ ಮಾಡ್ಲಿ" ಎಂದು ತಾವೇ ನಗುತ್ತಿದ್ದರು. ಅಂಗಡಿಗೆ ಹೋದವರು ಅವರ ಬಲಕ್ಕೇ ಕೂರಬೇಕು. ಎಡಕ್ಕೆ ಕೂತು ಅರ್ಧ ಗಂಟೆ ಮಾತಾಡಿ ಎದ್ದುಬಂದ ಗಿರಾಕಿಗಳು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಮೊದಲಿಗ ನಾನೇ.

ಹಗರಿಬೊಮ್ಮನಹಳ್ಳಿಯಲ್ಲಿ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿ ಅವರ ಕಂಪ್ಯೂಟರ್ ಅಂಗಡಿ ಇತ್ತು. ಬೋರ್ಡಿನ ಮೇಲೆ ಏನೇ ಬರೆಸಿದ್ದರೂ ಊರಿನ ಬಾಯಲ್ಲಿ ಅವರು ಮೈಕ್‌ಸೆಟ್ ಕಾಕಾ. ಕಂಪ್ಯೂಟರಿಗೆ ಕೈ ಹಾಕುವ ಮೊದಲು ವರ್ಷಾನುಗಟ್ಟಲೆ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವರು. ಹಡಗಲಿಯ ಮದುವೆ, ಕೂಡ್ಲಿಗಿಯ ನಾಟಕ, ಹರಪನಹಳ್ಳಿಯ ಚುನಾವಣೆ, ಎಲ್ಲ ಕಡೆಯೂ ಅವರದೇ ಸದ್ದು. ಜೀಪಿನ ಮೇಲೆ ಎರಡು ದೊಡ್ಡ ಹಾರ್ನ್ ಸ್ಪೀಕರ್ ಕಟ್ಟಿ, ಅವುಗಳ ಕೆಳಗೇ ಕೂತು ಹಳ್ಳಿ ಹಳ್ಳಿ ತಿರುಗಿ ಕಿವಿ ಕಳೆದುಕೊಂಡರು. ಇಂಥವರ ಹತ್ತಿರ ಹೋಗಿ ನಾನು ಹೋಮ್ ಥಿಯೇಟರಿನಂಥ ಕಂಪ್ಯೂಟರ್ ಬೇಕು ಅಂದೆ! ನನ್ನ ಬುದ್ಧಿಗೆ ಏನು ಹೇಳಬೇಕು?

ಬೇಕಾಗಿದ್ದು ನನಗಲ್ಲ, ನನ್ನ ತಮ್ಮನಿಗೆ. ನಾನು ಬಸ್ ಡಿಪೋದಲ್ಲಿ ಗುಮಾಸ್ತ. ತಮ್ಮ ಅದೇ ಡಿಪೋದಲ್ಲಿ ಡ್ರೈವರ್ ಆಗಿದ್ದ. ಕೊಟ್ಟೂರಿನ ಮೇಲೆ ಹಾದು ಚಿಗಟೇರಿ, ಹರಪನಹಳ್ಳಿ ಕಡೆಗೆ ಹೋಗುವ ಬಸ್ಸು ಅವನದು. ನಮ್ಮ ಮನೆತನದಲ್ಲಿ ಸ್ಟೀರಿಂಗ್ ಹಿಡಿದ ಮೊದಲನೇ ಮನುಷ್ಯ. ಕೆಲಸ ಸಿಕ್ಕ ದಿನ ಅವ್ವ ಅವನ ಖಾಕಿ ಅಂಗಿಗೇ ದೃಷ್ಟಿ ತೆಗೆದಿದ್ದಳು. ಆದರೆ ದೃಷ್ಟಿ ಬೇರೆ ಕಡೆಯಿಂದ ಹೋಗುತ್ತಿತ್ತು. ಸಂಜೆ ಹೊತ್ತು ಪಕ್ಕದಿಂದ ಬರುವ ಎಮ್ಮೆ ಕಾಣುವುದಿಲ್ಲ ಅನ್ನತೊಡಗಿದ. ಹುಬ್ಬಳ್ಳಿಯ ಡಾಕ್ಟರು ನೋಡಿ, ಇದು ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುವ ಕಾಯಿಲೆ, ಔಷಧ ಇಲ್ಲ, ಎರಡು ಮೂರು ವರ್ಷ ನೋಟ ಉಳಿದರೆ ಪುಣ್ಯ ಎಂದರು. ಡಿಪೋದವರು ಅವನನ್ನು ಸ್ಟೀರಿಂಗಿನಿಂದ ಇಳಿಸಿ ಗೇಟಿನ ಹತ್ತಿರ ಕುರ್ಚಿ ಹಾಕಿಕೊಟ್ಟರು. ತಪ್ಪು ಅವರದಲ್ಲ. ಆದರೂ ತನ್ನ ಬಸ್ಸನ್ನು ಇನ್ನೊಬ್ಬ ಹೊರಗೆ ಒಯ್ಯುವಾಗ ಇವನು ಗೇಟು ತೆಗೆಯಬೇಕಿತ್ತು, ಅದನ್ನು ನಾನು ಕಿಟಕಿಯಿಂದ ದಿನಾ ನೋಡಬೇಕಿತ್ತು.

ಮನೆಗೆ ಬಂದರೆ ಮೂಲೆ ಹಿಡಿದು, ಫೋನನ್ನು ಮೂಗಿಗೆ ತಾಗಿಸಿಕೊಂಡು ಬಸ್ ಓಡಿಸುವ ಆಟ ಆಡುತ್ತಿದ್ದ. ಅಂಗೈಯಗಲದ ಗಾಜಿನ ಮೇಲೆ ಹೆಬ್ಬೆರಳಿನಲ್ಲಿ ಬಸ್ಸು! ಕಣ್ಣು ಇರುವಷ್ಟು ದಿನ ಗೋಡೆಯಗಲದ ಟಿವಿಯಲ್ಲಿ, ಕೈಗೊಂದು ನಿಜವಾದ ಸ್ಟೀರಿಂಗ್ ಕೊಟ್ಟು, ಕಾಲಿಗೆ ಪೆಡಲ್ ಕೊಟ್ಟು ಇವನಿಂದ ಬಸ್ಸು ಓಡಿಸಲೇಬೇಕು ಎಂದು ಹಟ ಹಿಡಿದೆ. ಅಂತಹ ಆಟಕ್ಕೆ ತಾಕತ್ತಿನ ಕಂಪ್ಯೂಟರು ಬೇಕು. ಹದಿನೈದು ದಿನ ವಿಡಿಯೋ ನೋಡಿ ನಾನೇ ಪಟ್ಟಿ ಮಾಡಿದೆ. ಪ್ರೊಸೆಸರ್ ಇಂಥದು, ಮದರ್‌ಬೋರ್ಡ್ ಇಂಥದು, ಗ್ರಾಫಿಕ್ಸ್ ಕಾರ್ಡ್ ಮಾತ್ರ ಇದ್ದುದರಲ್ಲೇ ದೊಡ್ಡದು. ಟಿವಿಯ ಮೇಲೆ ಚಿತ್ರ ಬಿಡಿಸುವ ಭಾಗ ಅದೇ ಅಲ್ಲವೇ? ಕಣ್ಣು ಹೋಗುವವನಿಗೆ ಚಿತ್ರವೇ ಮುಖ್ಯ ಎನ್ನುವುದು ನನ್ನ ಲೆಕ್ಕ.

ಪಟ್ಟಿಯನ್ನು ಕಾಕಾನ ಮುಂದಿಟ್ಟೆ. ಅವರು ಓದಲಿಲ್ಲ. ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿದ್ದ ಸ್ಟೀಲಿನ ಚೊಂಬಿನ ಅಡಿಗೆ ಇಟ್ಟರು.

"ಮನಿ ಮ್ಯಾಲೆ ತಗಡೋ, ಆರ್‌ಸಿಸಿನೋ?" ಎಂದರು.

"ಕಾಕಾ, ಪಟ್ಟಿ ನೋಡ್ರಿ ಮೊದ್ಲು."

"ಕಿಟಕಿ ಯಾವ ದಿಕ್ಕಿಗೈತಿ? ಹಾಲಿನ ಪಕ್ಕ ಅಡಗಿಮನಿ ಐತೇನು? ಒಗ್ಗರಣಿ ಹೊಗಿ ಹಾಲಿಗೆ ಬರ್ತತೇನು?"

ನಾನು ಕಂಪ್ಯೂಟರ್ ಕೇಳಲು ಬಂದಿದ್ದೆನೋ, ಮನೆಗೆ ಹೆಣ್ಣು ಕೇಳಲು ಬಂದಿದ್ದೆನೋ ನನಗೇ ಅನುಮಾನ ಬಂತು. ಎಲ್ಲಕ್ಕೂ ಉತ್ತರ ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ನಾನು ಕೂತದ್ದು ಎಡಕ್ಕೆ. ಎದ್ದು ಬಲಕ್ಕೆ ಬಂದು ಮೊದಲಿಂದ ಎಲ್ಲವನ್ನೂ ಹೇಳಿದೆ. ತಮ್ಮನ ಕಣ್ಣಿನ ವಿಷಯವನ್ನೂ ಹೇಳಿದೆ. ಅದನ್ನು ಕೇಳುವಾಗ ಮಾತ್ರ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಎಷ್ಟು ದಿನಾ ಕಾಣ್ತತಂತ?" ಎಂದು ಕೇಳಿ, ಭಾನುವಾರ ಮನೆಗೆ ಬರುತ್ತೇನೆ ಎಂದರು.

ಮುಂದಿನ ಭಾನುವಾರ ಮನೆಗೆ ಬಂದರು. ಕೈಯಲ್ಲಿ ಒಂದು ವೈರು ಇಲ್ಲ, ಒಂದು ಟೇಪು ಇಲ್ಲ. ಬಂದವರು ಹಾಲಿನ ನಡುವೆ ನಿಂತು ಚಪ್ಪಾಳೆ ತಟ್ಟಿದರು. ಸದ್ದಿಗೆ ಗೋಡೆ ಎಷ್ಟು ಅದುರುತ್ತದೆ ಎಂದು ನೋಡಲು ತಾವು ಅದಕ್ಕೆ ಅಂಗೈ ಒತ್ತಿ ನಿಂತು, ಚಪ್ಪಾಳೆ ತಟ್ಟಲು ನನಗೆ ಹೇಳಿದರು. ನಾನು ತಟ್ಟಿದೆ. ಅವ್ವ ಅಡಿಗೆಮನೆಯಿಂದ ಇಣುಕಿ, "ಭಜನಿ ಐತೇನು?" ಎಂದಳು. ಆಮೇಲೆ ಕಾಕಾ ನನ್ನನ್ನು ಪೂರ್ತಿ ಮರೆತು ತಮ್ಮನ ಎದುರಿಗೆ ಕೂತರು. ಅವನೋ ಆ ದಿನಗಳಲ್ಲಿ ಯಾರ ಜೊತೆಯೂ ಎರಡು ಮಾತಾಡುತ್ತಿರಲಿಲ್ಲ.

"ಯಾವ ರೂಟಪಾ ನಿಂದು?"

"ಕೊಟ್ಟೂರು, ಚಿಗಟೇರಿ, ಹರಪನಹಳ್ಳಿ" ಎಂದ ತಮ್ಮ.

"ನಮ್ಮ ಜೀಪು ಆ ರಸ್ತೇದಾಗ ತಿರುಗಿದ್ದು ಎಷ್ಟೋ! ಆ ದಿಬ್ಬದಾಗ ಎಲ್ಲಿ ಗೇರ್ ಇಳಸ್ತಿದ್ದಿ?"

"ಜಾಗ ನೋಡಿ ಇಳಸಾಂಗಿಲ್ಲ ಕಾಕಾ. ಇಂಜಿನ್ ಹೇಳ್ತತಿ. ಅಳಾಕ ಹತ್ತಿದ ಕೂಡ್ಲೇ ಇಳಸೋದು."

"ಕಣ್ಣಿಗೇನೂ ಕೆಲ್ಸ ಇಲ್ಲೇನು ಹಂಗಾರ?"

"ಕಣ್ಣು ಮುಂದಿಂದು ನೋಡ್ತತಿ. ಗಾಡಿ ಹೆಂಗದ ಅಂತ ಕಿವಿ, ಕುಂಡಿ ಹೇಳ್ತಾವು" ಎಂದು ಬಿಟ್ಟ. ಅವ್ವ ಒಳಗಿಂದ "ಏ, ಹಿರೇರ ಮುಂದ ಏನಲೇ ಅದು!" ಎಂದು ಗದರಿದಳು. ಕಾಕಾ ತೊಡೆ ತಟ್ಟಿಕೊಂಡು ನಕ್ಕರು. ಎರಡು ಗಂಟೆ ಇದೇ ಮಾತು. ನನ್ನ ಪಟ್ಟಿಯ ಸುದ್ದಿಯೇ ಇಲ್ಲ. ನನಗೆ ತಲೆ ಚಿಟ್ಟು ಹಿಡಿಯಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಅಲೆದಾಟ. ಕಂಪ್ಯೂಟರಿಗೆ ಕರೆಂಟು ಹಂಚುವ ಪವರ್ ಸಪ್ಲೈ ಬಂದರೆ ಅದನ್ನು ಕೈಯಲ್ಲಿ ಎತ್ತಿ ತೂಗಿ ನೋಡುವರು. "ಹಗುರೈತಿ. ಒಳಗ ತಾಮ್ರ ಇಲ್ಲ, ಬರೇ ಮಾತೈತಿ" ಎಂದು ವಾಪಸ್ ಕಳಿಸುವರು. ಎರಡನೆಯದನ್ನೂ ಕಳಿಸಿದರು. ಮೂರನೆಯದನ್ನು ಮೂಸಿ ನೋಡಿ, "ಇದು ಒಮ್ಮಿ ಬಿಸಿ ಕುಡದೈತಿ" ಎಂದರು. ನಾನು ದಿನಾ ಡಿಪೋದಿಂದ ಬರುವಾಗ ಅಂಗಡಿಗೆ ಹೋಗುವುದು, ಅವರು ಇನ್ನೇನೋ ವಾಪಸ್ ಕಳಿಸಿರುವುದು. ಎರಡು ತಿಂಗಳಾದರೂ ಮೇಜಿನ ಮೇಲೆ ಬರೀ ಖಾಲಿ ಡಬ್ಬ.

ಎಲ್ಲಕ್ಕಿಂತ ದೊಡ್ಡ ಕಾಟ ಆ ಚೊಂಬಿನದು. ಕಂಪ್ಯೂಟರಿನೊಳಗಿನ ಫ್ಯಾನ್ ಸದ್ದು ಮಾಡುತ್ತದೋ ಇಲ್ಲವೋ ಎಂದು ಕೇಳಲು ಅವರಿಗೆ ಕಿವಿ ಇಲ್ಲವಲ್ಲ, ಅದಕ್ಕೆ ಫ್ಯಾನ್ ಹಾಕಿ ಚಾಲೂ ಮಾಡಿ, ಕ್ಯಾಬಿನೆಟ್ಟಿನ ತಲೆಯ ಮೇಲೆ ಕಂಠಮಟ್ಟ ನೀರು ತುಂಬಿದ ಚೊಂಬು ಇಡುತ್ತಿದ್ದರು. ಆಮೇಲೆ ಮೂಗು ನೀರಿಗೆ ತಾಗುವಷ್ಟು ಬಗ್ಗಿ ನೋಡುವುದು. ನೀರಿನ ಮೇಲೆ ಕೂದಲೆಳೆಯಷ್ಟು ಅಲೆ ಕಂಡರೂ ಆ ಫ್ಯಾನ್ ಫೇಲು. "ಚೊಂಬಿನ ನೀರು ಅಲುಗಬಾರದು. ನೀರು ಅಲುಗಿದ್ರ ಮಷೀನು ಮಾತಾಡಾಕತ್ತೇತಿ ಅಂತ ಅರ್ಥ. ಮಷೀನು ಮಾತಾಡಿದ್ರ ಮನಶ್ಯಾ ಏನು ಕೇಳ್ತಾನ?" ಇದು ಅವರ ಉಪದೇಶ.

ಅಂಗಡಿ ಇರುವುದು ರೈಲು ಹಳಿಯ ಪಕ್ಕದಲ್ಲಿ! ಅದಿರು ತುಂಬಿದ ಗೂಡ್ಸ್ ಗಾಡಿ ಬಂತೆಂದರೆ ಚೊಂಬಿನ ನೀರು ಮಾತ್ರವೇನು, ನನ್ನ ಹಲ್ಲೂ ಅಲುಗುತ್ತಿದ್ದವು. ಒಂದು ಸಲ ನಾಲ್ಕು ಫ್ಯಾನ್ ಫೇಲಾದ ಮೇಲೆ ಐದನೆಯದು ಪಾಸಾಗುವುದರಲ್ಲಿತ್ತು. ಗಾಡಿ ಬಂತು. ನೀರು ತುಳುಕಿತು. ಕಾಕಾ ಫ್ಯಾನ್ ಬಿಚ್ಚತೊಡಗಿದರು. ನಾನು ಬಲಗಿವಿಗೆ ಬಾಯಿಟ್ಟು, "ಅದು ಗೂಡ್ಸ್ ಗಾಡಿ ರೀ!" ಎಂದು ಚೀರಿದೆ. ಅವರು ಹಳಿಯ ಕಡೆ ಕೈ ತೋರಿಸಿ, "ಹೌದೇನು? ಹಂಗಾರ ನಾಳಿ ನೋಡೋಣು" ಎಂದರು. ನಾಳೆ! ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಗ್ರಾಫಿಕ್ಸ್ ಕಾರ್ಡಿನ ವಿಷಯಕ್ಕೆ ನಮ್ಮ ಜಗಳ ತಾರಕಕ್ಕೇರಿತು. ನನ್ನ ಪಟ್ಟಿಯ ದೊಡ್ಡ ಕಾರ್ಡ್ ಬೇಡವೇ ಬೇಡ ಎಂದರು. ಅದು ನಮ್ಮ ಬಿಸಿಲಿಗೆ ತಡೆಯುವುದಿಲ್ಲ, ಅದನ್ನು ತಂಪಾಗಿಡಲು ಫ್ಯಾನ್‌ಗಳು ಗಿರಣಿಯ ಹಾಗೆ ಒದರುತ್ತವೆ, ಮಧ್ಯಮದ್ದು ಹಾಕಿ ಉಳಿದದ್ದನ್ನು ಸ್ಪೀಕರಿಗೆ, ಆಂಪ್ಲಿಫೈಯರಿಗೆ ಹಾಕೋಣ ಎಂದರು. ಕಿವುಡ ಮನುಷ್ಯ ಸ್ಪೀಕರಿನ ವಕೀಲಿಕೆ ಮಾಡುತ್ತಿದ್ದಾನೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಕಾಕಾ, ಅವನ ಕಣ್ಣು ದಿನಾ ಹೋಗಾಕತ್ತೇತಿ. ನೀವು ಇಲ್ಲಿ ನೀರು ನೋಡಿಕೋತ ಕುಂತೀರಿ" ಎಂದೆ.

"ಅದಕ್ಕ ಹೇಳಾಕತ್ತೀನಿ, ಸೌಂಡಿಗೆ ಹಾಕೋಣು."

"ಕಣ್ಣು ಹೋಗೋ ಮನಶ್ಯಾಗ ಚಿತ್ರಾನೇ ಕಮ್ಮಿ ಮಾಡು ಅಂತೀರಲ್ರಿ, ಕರುಳೈತೇನು ನಿಮಗ?"

ಈ ಮಾತು ಅವರಿಗೆ ಚೆನ್ನಾಗಿ ಕೇಳಿಸಿತು. ಚೊಂಬನ್ನು ಪಕ್ಕಕ್ಕೆ ಸರಿಸಿ, ಅಲ್ಲಿಯತನಕ ಕೂಡಿಸಿದ್ದನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ನನ್ನ ಮುಂದಿಟ್ಟರು. ನಾನು ಎತ್ತಿಕೊಂಡು ಬಂದೇಬಿಟ್ಟೆ.

ಹೊರಗಿಂದ ದೊಡ್ಡ ಕಾರ್ಡ್ ತರಿಸಿದೆ. ಇಟ್ಟಿಗೆಯಂತೆ ದಪ್ಪ, ಮೂರು ಫ್ಯಾನ್, ಒಳಗೆ ಬಣ್ಣ ಬಣ್ಣದ ದೀಪ. ವಿಡಿಯೋ ನೋಡುತ್ತ ನಾನೇ ಕೂಡಿಸಿದೆ. ಹರಪನಹಳ್ಳಿಯ ಗುಜರಿಯಲ್ಲಿ ಒಂದು ಹಳೆಯ ಲಾರಿ ಸೀಟು ಸಿಕ್ಕಿತ್ತು, ಅದನ್ನು ಹಾಲಿನಲ್ಲಿ ಹೊಸ ಟಿವಿಯ ಎದುರಿಗೆ ಬೋಲ್ಟು ಹಾಕಿ ಕೂರಿಸಿ, ಮುಂದೆ ಸ್ಟೀರಿಂಗ್, ಗೇರು, ಪೆಡಲ್ ಜೋಡಿಸಿದೆ. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆ. ಚಾಲೂ ಮಾಡಿದರೆ, ಆಹಾ! ಗೋಡೆಯಗಲಕ್ಕೆ ರಸ್ತೆ, ರಸ್ತೆಯ ಮೇಲೆ ಬಿಸಿಲು, ಪಕ್ಕದಲ್ಲಿ ಒಂದೊಂದು ಎಲೆಯೂ ಬೇರೆ ಬೇರೆ. ಸರಿಯಾಯಿತೇ ಕಾಕಾ, ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ.

ತಮ್ಮ ಸೀಟಿಗೆ ಕೂತ. ಮೊದಲ ಗೇರಿಗೇ ಬಸ್ಸು ನಿಂತುಹೋಯಿತು. ಮತ್ತೆ ಹೊರಡಿಸಿದ, ಮತ್ತೆ ನಿಂತಿತು.

"ಅಣ್ಣಾ, ಇಂಜಿನ್ ಸಪ್ಪಳಾನೇ ಕೇಳವಲ್ದು."

ಹೇಗೆ ಕೇಳೀತು? ನನ್ನ ಮೂರು ಫ್ಯಾನಿನ ಕಾರ್ಡು ಹಿಟ್ಟಿನ ಗಿರಣಿಯ ಹಾಗೆ ಒದರುತ್ತಿತ್ತು. "ಸಪ್ಪಳ ಬಿಡಲೇ, ಚಿತ್ರ ನೋಡು, ಚಿತ್ರ!" ಎಂದು ಗದರಿದೆ. ಪಾಪ, ಅವನು ಕಣ್ಣು ಕಿರಿದು ಮಾಡಿಕೊಂಡು ನನ್ನ ಸಮಾಧಾನಕ್ಕೆ ಚಿತ್ರ ನೋಡಿದ.

ಎರಡು ದಿನಕ್ಕೆ ಆಯುಧಪೂಜೆ ಬಂತು. ಡಿಪೋದಲ್ಲಿ ನಮ್ಮದೊಂದು ಪದ್ಧತಿ ಉಂಟು. ಪೂಜೆಯ ಹೊತ್ತಿಗೆ ಬಸ್ಸುಗಳೆಲ್ಲ ಚಾಲೂ ಇರಬೇಕು. ಸುಮ್ಮನೆ ನಿಂತ ಗಾಡಿಗೆ ಆರತಿ ಎತ್ತಿದರೆ ವರ್ಷವೆಲ್ಲ ನಿಂತೇ ಇರುತ್ತದೆ ಎನ್ನುವ ನಂಬಿಕೆ. ತಮ್ಮ ಅದನ್ನು ನೆನಪಿಸಿದ, "ಅಣ್ಣಾ, ಗಾಡಿ ಚಾಲೂ ಇರಲಿ." ನನಗೂ ಸರಿಯೆನಿಸಿತು. ಕಂಪ್ಯೂಟರ್ ಚಾಲೂ ಮಾಡಿದೆ. ಅವನು ಖಾಕಿ ಅಂಗಿ ಹಾಕಿಕೊಂಡು ಸೀಟಿನ ಮೇಲೆ ಕೂತ. ಅವ್ವ ಕ್ಯಾಬಿನೆಟ್ಟಿಗೆ ವಿಭೂತಿ ಎಳೆದಳು, ಮುಂದಿನ ಜಾಲರಿಗೆ ಕುಂಕುಮ ಹಚ್ಚಿದಳು, ಲೋಬಾನದ ಹೊಗೆ ಹಿಡಿದಳು. ಮೂರು ಫ್ಯಾನುಗಳೂ ವಿಭೂತಿ, ಕುಂಕುಮ, ಹೊಗೆ ಎಲ್ಲವನ್ನೂ ಭಕ್ತಿಯಿಂದ ಒಳಗೆ ಎಳೆದುಕೊಂಡವು. ಕಾಯಿ ಒಡೆಯುವ ಕೆಲಸ ನನ್ನದು. ಬಸ್ಸಿನ ಮುಂದಿನ ಚಕ್ರದ ಹತ್ತಿರ ಒಡೆದು ರೂಢಿ. ಕ್ಯಾಬಿನೆಟ್ಟಿನ ಮುಂದೆ ಕಲ್ಲಿಟ್ಟು ಬಲವಾಗಿಯೇ ಒಡೆದೆ. ಎಳನೀರಿಗೆ ಸಮೀಪದ ಕಾಯಿ, ತುಂಬಾ ನೀರಿತ್ತು. ಅರ್ಧ ನೆಲಕ್ಕೆ, ಅರ್ಧ ಜಾಲರಿಯೊಳಕ್ಕೆ.

ಟಪ್ ಎಂದಿತು. ಸುಟ್ಟ ವಾಸನೆ ಬಂತು. ಟಿವಿ ಕಪ್ಪಾಯಿತು. ಕಂಬಳಿ ಕಟ್ಟಿದ ಕೋಣೆ ಒಮ್ಮೆಗೇ ಕತ್ತಲಾಯಿತು.

ಸೀಟಿನ ಮೇಲಿಂದ ತಮ್ಮನ ಧ್ವನಿ ಬಂತು, "ಅಣ್ಣಾ... ಅಣ್ಣಾ, ನನಗ ಕಾಣವಲ್ದು."

ಅವನು ಕಂಪ್ಯೂಟರ್ ಹೋಯಿತೆಂದು ತಿಳಿದಿರಲಿಲ್ಲ. ಆ ಗಳಿಗೆ ಬಂದೇಬಿಟ್ಟಿತು ಎಂದುಕೊಂಡಿದ್ದ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದೇ ಇದ್ದ. ನಾನು ಎಡವಿಕೊಂಡು ಹೋಗಿ ಕಿಟಕಿಯ ಕಂಬಳಿ ಕಿತ್ತು ಹಾಕಿದೆ. ಬೆಳಕು ಬಂತು. ಅವನು ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ, ಆಮೇಲೆ ಅತ್ತುಬಿಟ್ಟ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಆ ದಿನ ಹೋಳಿಗೆ ಯಾರೂ ತಿನ್ನಲಿಲ್ಲ.

ಮರುದಿನ ಪೆಟ್ಟಿಗೆ ಹೊತ್ತುಕೊಂಡು ಮತ್ತೆ ಅದೇ ಅಂಗಡಿ. ಬೇರೆ ದಾರಿ ಎಲ್ಲಿತ್ತು? ಕಾಕಾ ಮುಚ್ಚಳ ಬಿಚ್ಚಿದರು. ಒಳಗೆಲ್ಲ ಕೆಂಪು. ಫ್ಯಾನಿನ ಪ್ರತಿ ಎಸಳಿಗೂ ಕುಂಕುಮ. ಮದರ್‌ಬೋರ್ಡಿನ ಮೇಲೊಂದು ಕೊಬ್ಬರಿ ಚೂರು. ಅದನ್ನು ಎರಡು ಬೆರಳಲ್ಲಿ ಎತ್ತಿ, ನೋಡಿ, "ಪ್ರಸಾದ" ಎಂದು ನನ್ನ ಕೈಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪವರ್ ಸಪ್ಲೈ ಸತ್ತಿತ್ತು, ನನ್ನ ದೊಡ್ಡ ಕಾರ್ಡೂ ಸತ್ತಿತ್ತು. ಉಳಿದದ್ದು ಬದುಕಿತ್ತು. ನಾನು ಅವರ ಬಲಕ್ಕೆ ಕೂತು ನಡೆದುದನ್ನೆಲ್ಲ ಹೇಳಿದೆ. ತಮ್ಮ ಕಾಣುವುದಿಲ್ಲ ಎಂದು ಕೂಗಿದ್ದನ್ನೂ ಹೇಳಿದೆ.

ಕಾಕಾ ಎಡಗಿವಿಯ ಹತ್ತಿ ಸರಿಮಾಡಿಕೊಂಡರು.

"ನನ್ನ ಕಿವಿ ಹೋಗೂ ಮುಂದ ಏನಾತು ಗೊತ್ತೇನು? ಎಲ್ಲಾರೂ ಜೋರಾಗಿ ಮಾತಾಡಾಕ ಹತ್ತಿದ್ರು. ಹೇಣ್ತಿ ಚೀರೋದು, ಮಕ್ಕಳು ಚೀರೋದು. ಹೋಗೋ ಕಿವಿಗೇ ಎಲ್ಲಾರೂ ಗಂಟುಬಿದ್ರು. ಇವಂಗ ಇನ್ನೂ ಕೈ ಅದಾವು, ಕಣ್ಣದಾವು, ಅವಕ್ಕೇನಾರ ಕೊಡೋಣು ಅಂತ ಒಬ್ಬರೂ ಅನ್ನಲಿಲ್ಲ. ನೀವೂ ಅದನ್ನ ಮಾಡಾಕತ್ತೀರಿ. ಹೋಗೋ ಕಣ್ಣಿಗೆ ದೊಡ್ಡ ದೊಡ್ಡ ಚಿತ್ರ ತೋರ್ಸಾಕತ್ತೀರಿ. ನಾಳಿ ಅದು ಹೋದ ಮ್ಯಾಲೆ ಆ ಮಷೀನಿನ ಮುಂದ ಕುಂತು ಅವ ಏನು ಮಾಡ್ಬೇಕು?"

ನಾನು ಎರಡು ವರ್ಷದ ಆಚೆಗೆ ಯೋಚಿಸಿಯೇ ಇರಲಿಲ್ಲ, ಯೋಚಿಸಲು ಧೈರ್ಯವೂ ಇರಲಿಲ್ಲ.

"ಈಗಾರ ನನ್ನ ಮಾತು ಕೇಳ್ತೀರೇನು?"

"ಕೇಳ್ತೀನಿ ಕಾಕಾ" ಎಂದೆ. ಧ್ವನಿ ಏಳಲಿಲ್ಲ.

"ಇದು ಎಡಗಿವಿಗೂ ಕೇಳಿಸ್ತು ಬಿಡ್ರಿ" ಎಂದು ಚೊಂಬಿಗೆ ನೀರು ತುಂಬಲು ಎದ್ದರು.

ಹೀಗೆಂದ ಮಾತ್ರಕ್ಕೆ ಆ ಪುಣ್ಯಾತ್ಮ ಬೇಗ ಮಾಡಿಕೊಟ್ಟರು ಎಂದು ತಿಳಿಯಬೇಡಿ. ಮತ್ತೆ ಎರಡು ತಿಂಗಳು ಸತಾಯಿಸಿದರು. ಕಾರ್ಡು ಮಧ್ಯಮದ್ದು, ಅದಕ್ಕೆ ನಿಧಾನ ತಿರುಗುವ ದೊಡ್ಡ ಫ್ಯಾನು. ಟಿವಿಯ ಎಡಬಲಕ್ಕೆ ಎರಡು ಸ್ಪೀಕರ್, ಬೆನ್ನ ಹಿಂದೆ ಎರಡು, ಹಿಂದಿನಿಂದ ಬರುವ ಲಾರಿ ಹಿಂದೆಯೇ ಕೇಳಬೇಕಲ್ಲ. ಕೊನೆಗೆ ಕಾಕಾ ತಮ್ಮದೇ ಮೈಕ್‌ಸೆಟ್ಟಿನ ಕಾಲದ ಒಂದು ಭಾರೀ ವೂಫರನ್ನು, ನೆಲ ಅದುರಿಸುವಂಥ ಸ್ಪೀಕರನ್ನು, ಅಟ್ಟದಿಂದ ಇಳಿಸಿ, ಲಾರಿ ಸೀಟಿನ ಅಡಿಗೆ ಮಕಾಡೆ ಬೋಲ್ಟು ಹಾಕಿದರು. "ಇದ್ಯಾಕ್ರಿ?" ಎಂದರೆ, "ಕುಂಡಿಗೆ" ಎಂದು ಒಂದೇ ಮಾತು. ಚೊಂಬನ್ನೂ ತಂದಿದ್ದರು. ಕ್ಯಾಬಿನೆಟ್ಟಿನ ಮೇಲಿಟ್ಟು ಅರ್ಧ ಗಂಟೆ ಬಗ್ಗಿ ನೋಡಿದರು. ನಮ್ಮ ಮನೆಯ ಹತ್ತಿರ ರೈಲಿಲ್ಲ, ಅದೊಂದು ಪುಣ್ಯ. ನೀರು ಕನ್ನಡಿಯ ಹಾಗೆ ನಿಂತಿತ್ತು.

ತಮ್ಮ ಕೂತು ಇಂಜಿನ್ ಚಾಲೂ ಮಾಡಿದ. ಸೀಟಿನ ಅಡಿಯಿಂದ ಗುಡುಗುಡು ಎಂದು ಮೇಲಕ್ಕೆ ಬಂತು. ಅವನ ಮುಖ ಬದಲಾಯಿತು. ಮೊದಲನೇ ಗೇರು, ಎರಡನೇ ಗೇರು. ಒಂದು ದಿಬ್ಬ ಬಂತು, ಇಂಜಿನ್ ಅಳತೊಡಗಿದ ಕೂಡಲೇ ಗೇರು ಇಳಿಸಿದ. ಬಸ್ಸು ನಿಲ್ಲಲಿಲ್ಲ. ಕಾಕಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸೀಟಿನ ಚೌಕಟ್ಟಿಗೆ ಅಂಗೈ ಒತ್ತಿಕೊಂಡಿದ್ದರು. ಮಗುವಿಗೆ ಜ್ವರ ಇಳಿಯಿತೇ ಎಂದು ಮುಟ್ಟಿ ನೋಡುವ ಹಾಗೆ.

"ಮೂರನೇದಕ್ಕ ಹೋತು ನೋಡು" ಎಂದರು ಕಾಕಾ, ಟಿವಿಯ ಕಡೆ ನೋಡದೆಯೇ.

"ಹೌದು ಕಾಕಾ!" ಎಂದು ತಮ್ಮ ಚೀರಿದ. ಸ್ಟೀರಿಂಗಿನಿಂದ ಇಳಿದ ಮೇಲೆ ಅವನು ಹಾಗೆ ನಕ್ಕಿದ್ದು ಅದೇ ಮೊದಲು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಾ ಕುಡೀರಿ, ಹರಪನಹಳ್ಳಿ ಬರೂದಕ್ಕ ಇನ್ನೂ ಹೊತ್ತೈತಿ" ಎಂದಳು.

ಆಮೇಲೆ ನಾಲ್ಕು ವರ್ಷ ಅವರು ತಿಂಗಳಿಗೊಮ್ಮೆ ಬರುತ್ತಿದ್ದರು. ಮುಚ್ಚಳ ಬಿಚ್ಚಿ, ಕುಂಚದಿಂದ ಧೂಳು ತೆಗೆದು, ಚೊಂಬಿಟ್ಟು ನೋಡಿ, ನನಗೆ ನಾಲ್ಕು ಮಾತು ಅಂದು ಹೋಗುತ್ತಿದ್ದರು. ನಾನೇ ಮಾಡಿಕೊಳ್ಳುತ್ತೇನೆ ಎಂದರೆ, "ನೀವು ಕಾಯಿ ಒಡೀತೀರಿ, ಬ್ಯಾಡ" ಎನ್ನುವರು. ಬಂದವರ ಮುಂದೆಲ್ಲ ಆ ಕಾಯಿಯ ಕಥೆ ಹೇಳಿ ನನ್ನ ಮಾನ ತೆಗೆದರು. ಸಿಟ್ಟು ಬರುತ್ತಿತ್ತು. ಕೃತಜ್ಞತೆಯ ಒಂದು ಮಾತು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ, ಅಷ್ಟರಲ್ಲಿ ಅವರು ಇನ್ನೇನೋ ಕೊಂಕು ತೆಗೆಯುವರು, ನಾನು ಜಗಳಕ್ಕೆ ಇಳಿಯುವೆನು.

ಹೋದ ವರ್ಷ ಒಂದು ತಿಂಗಳು ಬರಲಿಲ್ಲ. "ಹಿಂದಿನ ಫ್ಯಾನ್ ಬದಲಿ ಮಾಡ್ಬೇಕು, ನೆನಪು ಮಾಡ್ರಿ" ಎಂದು ಹೇಳಿ ಹೋದವರು. ಅಂಗಡಿಗೆ ಹೋದರೆ ಬಾಗಿಲು ಮುಚ್ಚಿತ್ತು. ಪಕ್ಕದ ಚಹಾದಂಗಡಿಯವನು, "ಮಗಳ ಮನಿಗೆ ಕೊಟ್ಟೂರಿಗೆ ಹೋಗಿದ್ರಲ್ರಿ, ಅಲ್ಲೇ ತೀರಿಕೊಂಡ್ರು. ವಾರಾತು" ಎಂದ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದು ಮಷೀನು ಕೂಡಿಸಲು ನಾಲ್ಕು ತಿಂಗಳು ತೆಗೆದುಕೊಳ್ಳುವ ಮನುಷ್ಯ, ಇಷ್ಟು ಅವಸರವಾಗಿ ಹೋಗುವುದೇ? ಆಮೇಲೆ ಆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅತ್ತೆ. ಗೂಡ್ಸ್ ಗಾಡಿಯೊಂದು ಬಂತು, ಹೋಯಿತು.

ತಮ್ಮನಿಗೆ ಈಗ ಬೆಳಕು ಯಾವುದು, ಕತ್ತಲು ಯಾವುದು ಎನ್ನುವಷ್ಟೇ ಗೊತ್ತಾಗುತ್ತದೆ. ಆದರೂ ದಿನಾ ಸಂಜೆ ಬಸ್ಸು ಹೊರಡುತ್ತದೆ. ನಾನು ಪಕ್ಕದಲ್ಲಿ ಕೂತು ಕಂಡಕ್ಟರಿಕೆ ಮಾಡುತ್ತೇನೆ. "ಎಡಕ್ಕ ಸ್ವಲ್ಪ... ಹೋಲ್ಡಾನ್... ರೈಟ್ ರೈಟ್." ಗೇರಿನ ವಿಷಯದಲ್ಲಿ ಮಾತ್ರ ನಾನು ಬಾಯಿ ಹಾಕುವ ಹಾಗಿಲ್ಲ, ಅದು ಅವನಿಗೂ ಇಂಜಿನಿಗೂ ಬಿಟ್ಟದ್ದು. ಮೊನ್ನೆ ನಾನು ಅಡಿಗೆಮನೆಯಲ್ಲಿದ್ದಾಗ ತಾನೇ ಚಾಲೂ ಮಾಡಿಕೊಂಡು ಹೊರಟಿದ್ದ. ಬಂದು ನೋಡಿದರೆ ಟಿವಿಯನ್ನೇ ಹಾಕಿರಲಿಲ್ಲ. ಕಪ್ಪು ಗಾಜಿನ ಮುಂದೆ ನೆಟ್ಟಗೆ ಕೂತು, ಆರಾಮಾಗಿ ಹಾರ್ನ್ ಹೊಡೆಯುತ್ತ, ದಿಬ್ಬ ಹತ್ತಿಸುತ್ತಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ದೊಡ್ಡ ಕಾರ್ಡು ಬದುಕಿದ್ದಿದ್ದರೆ ಇವತ್ತು ಇವನ ಹತ್ತಿರ ಏನು ಇರುತ್ತಿತ್ತು?

ಹೋದ ವಾರ ಅವನೇ ಹೇಳಿದ, "ಅಣ್ಣಾ, ಏನೋ ಗುಂಯ್ ಅಂತತಿ. ಇಂಜಿನ್ ಸರಿ ಕೇಳವಲ್ದು." ಕಾಕಾ ಬಿಟ್ಟುಹೋದ ಚೊಂಬು ನಮ್ಮ ಮನೆಯಲ್ಲೇ ಇತ್ತು. ನೀರು ತುಂಬಿ ಕ್ಯಾಬಿನೆಟ್ಟಿನ ಮೇಲಿಟ್ಟು ಬಗ್ಗಿ ನೋಡಿದೆ. ಅಂಚಿನಿಂದ ಸಣ್ಣ ಸಣ್ಣ ಅಲೆ ಎದ್ದು ನಡುವಿಗೆ ಬರುತ್ತಿತ್ತು. ಅವರು ಬದಲಿಸಬೇಕೆಂದಿದ್ದ ಹಿಂದಿನ ಫ್ಯಾನ್.

ಹೊಸಪೇಟೆಗೆ ಹೋದೆ. ದೊಡ್ಡ ಅಂಗಡಿ, ಗಾಜಿನ ಬಾಗಿಲು. ಮಾಲೀಕ ಒಂದು ಫ್ಯಾನ್ ಕೊಟ್ಟ. ಕೈಯಲ್ಲಿ ಎತ್ತಿ ತೂಗಿದೆ. ಹಗುರಾಗಿತ್ತು. ವಾಪಸ್ ಕೊಟ್ಟೆ. ಇನ್ನೊಂದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟೆ. ಮೂರನೆಯದನ್ನು ಮೂಸಿ ನೋಡಿದೆ. ಅವನ ಮುಖ ಕೆಂಪಾಗತೊಡಗಿತು. ನನಗೆ ಆ ಮುಖ ಚೆನ್ನಾಗಿ ಗುರುತು, ಎಷ್ಟೋ ತಿಂಗಳು ಅದು ನನ್ನ ಮುಖವಾಗಿತ್ತು.

"ಫ್ಯಾನ್ ಒಂದಕ್ಕ ಇಷ್ಟ್ಯಾಕ್ರೀ ಸರ? ತಿರುಗಿದ್ರ ಆತಿಲ್ಲೋ?" ಎಂದ.

"ಇದರಾಗ ಹಾಕಿ ಚಾಲೂ ಮಾಡ್ರಿ" ಎಂದು ಅಲ್ಲಿದ್ದ ಖಾಲಿ ಕ್ಯಾಬಿನೆಟ್ಟನ್ನು ತೋರಿಸಿದೆ. "ಮತ್ತ, ಒಂದು ಚೊಂಬು ನೀರು ಕೊಡ್ರಿ."

"ಕುಡ್ಯಾಕೇನ್ರಿ?"

"ಅಲ್ಲ, ನೋಡಾಕ" ಎಂದೆ. ಅವನು ಹಣೆ ಹಣೆ ಚಚ್ಚಿಕೊಳ್ಳುತ್ತ ಒಳಗೆ ಹೋದ. ನಾನು ಸ್ಟೂಲು ಎಳೆದುಕೊಂಡು ಕೂತೆ. ನನಗೆ ಅವಸರವಿರಲಿಲ್ಲ.